ವಾಢಣಂ ನಿಂತದ್ದು ಯಾವಾಗ

ಭೂಕಂಪ ಆಗಿ ಎರಡ-ಮೂರು ವರ್ಷ ಆಗಿತ್ತು. ನಾ ಗಡಿ ಆಚಿ ಮರಾಠಿ ಸೀಮಿಯ ನಿಲಂಗಾ ಸುತ್ತಿನ ಹಳ್ಳಿಯೊಳಗ ಮಂದಿ ಎತ್ತರ ಅಳೆಯೋ ಕೆಲಸಕ್ಕಿದ್ದೆ. ಎತ್ತರ ಅಪ್ಪ-ಅವ್ವನ ಕಡಿಂದ ಬರ್ತದ, ಸಣ್ಣವರಿದ್ದಾಗ ಉಂಡ ಊಟದಿಂದ ಬರ್ತದ, ಇಪ್ಪತ್ತರ ಸುಮಾರಿಗಿ ಬೆಳೆಯೋದು ನಿಲ್ತದ ಅಂತ ನಮಗ ಕಲಿಸಿದ್ರು. ಆದ್ರ ಫಾರ್ಮಿನ್ಯಾಗಿನ ಪ್ರಶ್ನೆ ಮನ್ಯಾಗಿನ ಎಲ್ಲರಿಗೂ ಕೇಳಬೇಕು, ಅದೂ ಮರಾಠಿಯೊಳಗ ಬರೆದಂಗೇ ಓದಬೇಕು ಅಂತ ನಿಯಮ.

ಒಂದು ಮನ್ಯಾಗ ಎಪ್ಪತ್ತು ವರ್ಷದ ಮುತ್ಯಾನ್ನ ಗ್ವಾಡಿಗಿ ನಿಲ್ಲಿಸಿ ಅಳೆದೆ. ಆಮ್ಯಾಲ ಓದಿದೆ: "ವಾಢಣಂ ಕಧೀ ಥಾಂಬಲಂ?" ಬೆಳೆಯೋದು ಯಾವಾಗ ನಿಂತಿತು ಅಂತ. ಮರಾಠಿಯೊಳಗ ಬೆಳೆಯೋದಕ್ಕೂ ವಾಢಣಂ, ಊಟ ಬಡಿಸೋದಕ್ಕೂ ವಾಢಣಂ. ಅದು ನನ್ನ ತಲಿಗಿ ಹೊಳೀಲಿಲ್ಲ.

ಮುತ್ಯಾ ಅಡಿಗಿಮನಿ ಕಡಿ ನೋಡಿ ಸಣ್ಣ ದನಿಯೊಳಗ ಅಂದ: "ಭೂಕಂಪಕ್ಕ ಹಳೀ ಮನಿ ಬಿದ್ದ ಮ್ಯಾಲರೀ. ಮೊದಲೆಲ್ಲಾ ನಮ್ಮ ಸೊಸಿ ಸಾಕಂದ್ರೂ ಕೇಳ್ದೆ ಬಡಿಸ್ತಿದ್ದಳು. ಈಗ ಎರಡು ರೊಟ್ಟಿಗೇ ಬುಟ್ಟಿ ಮುಚ್ತಾಳ."

ಸೊಸಿಗಿ ಕೇಳಿಸಿತು. ಸೌಟು ಹಿಡ್ಕೊಂಡೇ ಹೊರಗ ಬಂದಳು. "ಅದನ್ನ ಬರೀಬ್ಯಾಡ್ರಿ. ಇಬ್ರೂ ಕುಂದರ್ರಿ."

ಮುತ್ಯಾಗ ಎಂಟು ರೊಟ್ಟಿ, ನನಗ ಆರು, ಜೋಡಿಗಿ ಪುಂಡಿ ಪಲ್ಯ. ಕೈ ಅಡ್ಡ ಹಿಡಿದ್ರ ಕೈ ಮ್ಯಾಲೇ ಬಡಿಸಿದಳು. "ಈಗ ಬರೀರಿ, ಇನ್ನಾ ನಿಂತಿಲ್ಲ ಅಂತ."

ಬರೆದೆ.

ಆಫೀಸಿನ್ಯಾಗ ಸಾಹೇಬ್ರು ಆ ಫಾರ್ಮು ನೋಡಿ ಕನ್ನಡಕ ತೆಗೆದ್ರು. "ಎಪ್ಪತ್ತರ ಮುದುಕ ಇನ್ನಾ ಬೆಳೀಲಿಕತ್ಯಾನ?"

"ಕಣ್ಣಾರೆ ನೋಡೀನ್ರಿ," ಅಂದೆ. ಸುಳ್ಳೇನಲ್ಲ. ಆ ಒಂದು ಊಟಕ್ಕ ನಾನೂ ಬೆಲ್ಟಿನ ಎರಡು ತೂತಿನಷ್ಟು ಬೆಳೆದಿದ್ದೆ, ಎತ್ತರಕ್ಕಲ್ಲ ಅಷ್ಟೇ.