ಒಂದೇ ನಂಬರಿನ ಎರಡು ತುಂಡು

ಹಾಯಿ ಅಕ್ಕ ಎಂದರೆ ಆ ಹಿನ್ನೀರಿನ ದಡದಲ್ಲಿ ಗೊತ್ತಿಲ್ಲದವರಿಲ್ಲ. ಜನ ನೀರಿನ ಮೇಲೆ ನಿಂತು ಹೋಗುವ ಹಲಗೆಗಳಿಗೆ ಹಾಯಿ ಕಟ್ಟಿಕೊಡುವುದು ಅವಳ ಕಸುಬು. ಅವನ್ನು ಬಾಡಿಗೆಗೆ ಬಿಡುವ ಶೆಡ್ಡು ಅವಳ ತಮ್ಮನದು. ತಮ್ಮ ಎಂಥ ಆಸಾಮಿ ಎಂದರೆ, ಯಾರೋ ಬಿಸಾಕಿದ್ದನ್ನು ಗುಡ್ಡೆಗಟ್ಟಲೆ ಹೊತ್ತು ತರುವವನು. ಒಂದು ಕಂಪನಿಯ ಹಾಯಿ, ಇನ್ನೊಂದರ ಹಿಡಿಕೆ, ಮತ್ತೊಂದರ ಕಂಬ. ಕಂಬ ಬರುವುದೇ ಎರಡು ತುಂಡಾಗಿ, ಒಂದರೊಳಗೊಂದು ಕೂರುವ ಹಾಗೆ. ಜೋಡಿ ತಪ್ಪಿದ ತುಂಡುಗಳಿಗೆ ಟೇಪು ಸುತ್ತಿ, ಒತ್ತಿ ಕೂರಿಸಿ, ಹನ್ನೊಂದು ವರ್ಷ ಅವಳು ತಮ್ಮನ ಮಾನ ಕಾಪಾಡಿದ್ದಳು. ಅದಕ್ಕೆ ಸಿಕ್ಕಿದ್ದು ಶೆಡ್ಡಿನ ಹಿಂದಿನ ಕೋಣೆ, ಎರಡು ಹೊತ್ತಿನ ಊಟ, ಜೊತೆಗೆ ಗಿರಾಕಿಗಳ ಮುಂದೆ ಅವನ ಮಾತು: "ನಮ್ಮಕ್ಕಂಗೆ ಗಂಡನ್ನ ಹಿಡಿದಿಟ್ಕೊಳ್ಳೋಕೆ ಬರ್ಲಿಲ್ಲ, ಹಗ್ಗ ಮಾತ್ರ ಚೆನ್ನಾಗಿ ಹಿಡೀತಾಳೆ."

ಎದುರು ದಡದ ಕ್ಲಬ್ಬಿಗೆ ಹಾಯಿ ಕಟ್ಟುವವರು ಬೇಕಾದಾಗ ಅಲ್ಲಿನ ಕೋಚ್ ತಾನೇ ಅವಳನ್ನು ಹುಡುಕಿಕೊಂಡು ಬಂದ. ಕೆಲಸ ಸಿಕ್ಕರೆ ಸಂಬಳ, ತನ್ನದೇ ಕೋಣೆ, ತಮ್ಮನ ಬಾಯಿಂದ ಬಿಡುಗಡೆ.

"ಇಲ್ಲಿರೋದ್ರಲ್ಲೇ ಒಂದು ಕಟ್ಟಿ ತೋರಿಸಿ ಅಮ್ಮಾ. ನಿಮ್ಮ ಕೈ ನೋಡಿದ್ರೆ ಸಾಕು" ಎಂದ ಕೋಚ್.

"ಅಕ್ಕ ಯಾಕೆ ಹೊರಬೇಕು, ನಾನೇ ತರ್ತೀನಿ" ಎಂದು ತಮ್ಮ ಒಳಗೆ ಹೋದ. ಅವನಿಗೆ ಅಷ್ಟು ಅಕ್ಕರೆ ಎಂದೂ ಉಕ್ಕಿದ್ದಿಲ್ಲ.

ಕಟ್ಟಿದಳು. ಹಾಯಿಯ ಮೈತುಂಬ ಸುಕ್ಕು. ಬುಡದ ಹಗ್ಗ ಸಡಿಲಿಸಿ ಮತ್ತೆ ಎಳೆದಳು. ಹಿಡಿಕೆಯನ್ನು ಬೆರಳಷ್ಟು ಇಳಿಸಿದಳು. ಸುಕ್ಕು ಜಗ್ಗಲಿಲ್ಲ.

"ಅಕ್ಕಂಗೆ ವಯಸ್ಸಾಯ್ತು ಸಾರ್, ಕೈ ನಡುಗುತ್ತೆ" ಎಂದ ತಮ್ಮ.

ಅವಳು ಮರಳಿನ ಮೇಲೆ ಅಂಗಾತ ಮಲಗಿ, ಬುಡದಿಂದ ತುದಿಯವರೆಗೆ ಕಂಬವನ್ನು ಒಂದೇ ಕಣ್ಣಿನಲ್ಲಿ ನೋಡಿದಳು. ಕೆಳಗಿನ ತುಂಡು ಬಿಲ್ಲಿನಂತೆ ಬಾಗಿತ್ತು, ಮೇಲಿನದು ಒನಕೆಯಂತೆ ನೆಟ್ಟಗಿತ್ತು.

"ಮೇಲಿನ ತುಂಡು ಬೇರೆ ಕಂಪನೀದು, ತುಂಬಾ ಬಿರುಸು" ಎಂದಳು, ಮರಳು ಕೊಡವಿಕೊಂಡು ಎದ್ದು. "ಈ ಹಾಯಿ ಹೊಲಿದಿರೋದು ಬಾಗೋ ಕಂಬಕ್ಕೆ. ಎಷ್ಟು ಎಳೆದ್ರೂ ಸುಕ್ಕು ಹೋಗಲ್ಲ. ಜೋರು ಗಾಳಿಗೆ ಜೋಡಿಸಿದ ಜಾಗದಲ್ಲೇ ಮುರಿಯುತ್ತೆ."

ಕೋಚ್‌ನ ಮುಖ ಅರಳಿತು. "ನಮ್ಮ ಹುಡುಗರು ಇದಕ್ಕೆ ಇಡೀ ದಿನ ಒದ್ದಾಡ್ತಾರೆ."

"ಆದ್ರೆ ಸಾರ್," ತಮ್ಮ ಮೆಲ್ಲಗೆ ಬಾಯಿಬಿಟ್ಟ, "ಎರಡು ತುಂಡಿಗೂ ಒಂದೇ ನಂಬರಿದೆ ನೋಡಿ. ಹದಿನಾಲ್ಕು, ಹದಿನಾಲ್ಕು. ಯಾರು ಬರೆದದ್ದು ಕೇಳಿ."

ಬಿಳಿ ಬಣ್ಣದ ದುಂಡನೆಯ ಅಂಕಿಗಳು. ಜೋಡಿಯಲ್ಲದ ಕಂಬವನ್ನು ಗಿರಾಕಿಗಳು ಮುಟ್ಟುವುದಿಲ್ಲವೆಂದು ಶೆಡ್ಡಿನಲ್ಲಿ ಹಾಗೆ ಬರೆಯುವುದು ರೂಢಿ.

"ನೀವಾ?" ಎಂದ ಕೋಚ್.

"ನಾನೇ. ಇವನು ಬರೆ ಅಂದ."

"ನಂಗೇನು ಗೊತ್ತು ಸಾರ್ ಇದ್ರ ಒಳಗುಟ್ಟು? ಇಲ್ಲಿ ಎಲ್ಲಾ ಅವಳದೇ."

ಕೋಚ್ ಜೋಡಣೆಯ ಮೇಲೆ ಬೆರಳಾಡಿಸಿದ. "ಗೊತ್ತಿಲ್ದೆ ಬರೆದಿದ್ರೆ ಕಲಿಸಬಹುದಿತ್ತು ಅಮ್ಮಾ. ನೀವು ಮುರಿಯುತ್ತೆ ಅಂತ ಗೊತ್ತಿದ್ದೂ ಬರೆದಿದೀರಿ. ನಮ್ಮಲ್ಲಿ ನೀರಿಗಿಳಿಯೋದು ಮಕ್ಕಳು."

ಅವಳು ಹಾಯಿಯ ಪಕ್ಕ ಕೂತು ಬುಡದ ಹಗ್ಗವನ್ನು ಮತ್ತೆ ಬಿಗಿಯತೊಡಗಿದಳು. ಕೋಚ್ ಕೈಮುಗಿದು ಹೊರಟುಹೋದ.

"ನನ್ನ ಬಗ್ಗೆ ಪರವೂರವನ ಹತ್ರ ಚಾಡಿ ಹೇಳ್ತೀಯಾ?" ಎಂದ ತಮ್ಮ, ನಗುನಗುತ್ತಲೇ. "ಏಳು, ಗಿರಾಕಿ ಬಂದ್ರು."

ಬಂದದ್ದು ಹೊಸದಾಗಿ ಮದುವೆಯಾದಂತಿದ್ದ ಜೋಡಿ. ಹುಡುಗಿ ಆ ಹಾಯಿಯನ್ನೇ ನೋಡಿ, "ಅಕ್ಕಾ, ಇದು ಗಟ್ಟಿ ಇದೆಯಾ? ಇವರಿಗೆ ಈಜು ಅಷ್ಟಕ್ಕಷ್ಟೇ" ಎಂದಳು.

ಹಾಯಿ ಅಕ್ಕ ನೀರಿನ ಕಡೆ ನೋಡಿದಳು. ಗಾಳಿ ಏಳುತ್ತಿತ್ತು.

"ಗಟ್ಟಿಯಿದೆ, ಹೋಗ್ಬನ್ನಿ" ಎಂದಳು.