ಚಾಗೆ ನೀರು

ಕಳೆದ ವಾರ ಸೂರತ್ತಿನ ಅಡಾಜಣ್‌ನಲ್ಲಿ, ಅಕ್ವೇರಿಯಂ ಅಂಗಡಿಯೊಂದರ ಮುಂದೆ, ಮೀನಿನ ಆಹಾರದ ಒಣ ವಾಸನೆ ನನ್ನನ್ನು ತಡೆದು ನಿಲ್ಲಿಸಿತು. ವಡೋದರಾದ ಮಂಜಲ್‌ಪುರದಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಕಾಕಾ ಅವರ ಅಂಗೈಗೂ ಅದೇ ವಾಸನೆಯಿತ್ತು…

ಕಾಕಾ ಧಾರವಾಡದವರು, ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಸಾಲ ಕೇಳಿದವರ ಮನೆಯಲ್ಲಿ ನೀರನ್ನೂ ಮುಟ್ಟದವರು. ಸೊಸೈಟಿಯ ಅಂಗಳದ ಕೊಳದಲ್ಲಿ ಅವರು ಕೋಯಿ ಮೀನುಗಳನ್ನು ಸಾಕಿದ್ದರು. ಕೆಂಪು-ಬಿಳಿ ಮೀನುಗಳ ನಡುವೆ ಒಂದು ಮಾತ್ರ ಕಂದು. ಮಚ್ಚೆಯಿಲ್ಲ, ಥಳುಕಿಲ್ಲ, ಹಾಲು ಕಡಿಮೆಯಾದ ಚಹಾದ ಬಣ್ಣ. ಬಿಸಿಲು ಬಿದ್ದಾಗ ಮಾತ್ರ ಹುರುಪೆಗಳ ಅಂಚು ಬಲೆ ಹೆಣೆದಂತೆ ಕಾಣುತ್ತಿತ್ತು. ಆ ತಳಿಯ ಹೆಸರು ಚಾಗೋಯಿ. ಕಾಕಾ ಅದನ್ನು ‘ಚಾ’ ಎಂದು ಕರೆಯುತ್ತಿದ್ದರು. ಎಲ್ಲಕ್ಕಿಂತ ದೊಡ್ಡದಾಗಿ ಬೆಳೆದಿದ್ದರೂ ಬಹಳ ಸಾಧು. ಯಾರ ಕೈ ನೀರಿಗಿಳಿದರೂ ಮೊದಲು ಬರುತ್ತಿತ್ತು. ಅದನ್ನು ಕಂಡು ಉಳಿದವೂ ಅಂಜಿಕೆ ಬಿಡುತ್ತಿದ್ದವು.

ಕೊಳ ಮುಚ್ಚಿ ಪಾರ್ಕಿಂಗ್ ಮಾಡುವ ಪ್ರಸ್ತಾಪ ಬಂತು. ನಾನು ಆಗಷ್ಟೇ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದಿದ್ದೆ. ಜನರ ನಡುವೆ ಬಾಳುವವರು ಜನರ ಭಾಷೆಯಲ್ಲೇ ಮನವಿ ಮಾಡಬೇಕೆಂಬುದು ನನ್ನ ನಂಬಿಕೆ. ಸೊಸೈಟಿಯ ಸಭೆಯಲ್ಲಿ ಗುಜರಾತಿಯಲ್ಲೇ ಮಾತಾಡಿ ಎಂದು ಕಾಕಾ ಅವರಿಗೆ ಹೇಳಿದೆ.

“ನನ್ನ ಗುಜರಾತಿ ಕೇಳಿದ್ರ ಎಮ್ಮಿ ಸುದ್ದಾ ನಗ್ತದ. ನೀನ ಮಾತಾಡು,” ಎಂದರು ಕಾಕಾ. ನಾನು ಒಪ್ಪದೆ, ವಾಕ್ಯಗಳನ್ನು ಕಲಿಸಿಕೊಟ್ಟೆ.

ಸಭೆಯಲ್ಲಿ ಅವರು ಕೈಮುಗಿದು, ನಾನು ಕಲಿಸಿದ್ದ ಮೊದಲ ವಾಕ್ಯ ಹೇಳಹೊರಟರು: “ಚಾ-ನು ಪಾಣಿ ಬಂಧ್ ನ ಕರೋ.” ಚಾಗೆ ನೀರು ನಿಲ್ಲಿಸಬೇಡಿ ಎಂದು ಅರ್ಥ. ಆದರೆ ಅವರ ನಾಲಗೆಯಲ್ಲಿ ನಡುವಿನ ‘ನು’ ಕರಗಿಹೋಯಿತು. ಉಳಿದದ್ದು ‘ಚಾ-ಪಾಣಿ’, ಅಂದರೆ ಅಲ್ಲಿನವರ ಮಾತಿನಲ್ಲಿ ಲಂಚ.

“ಅರೆ ಸಾಹೇಬ್, ಬೇಂಕ್‌ವಾಳಾನು ಚಾ-ಪಾಣಿ ಕೋಣ್ ಬಂಧ್ ಕರೇ?” ಎಂದರು ಅಧ್ಯಕ್ಷರು. ಬ್ಯಾಂಕಿನವರ ಮಾಮೂಲನ್ನು ನಿಲ್ಲಿಸುವವರು ಯಾರು ಎಂಬ ಆ ಮಾತಿಗೆ ಸಭೆಯೆಲ್ಲ ನಕ್ಕಿತು. ಕಾಕಾ ಉಳಿದ ವಾಕ್ಯಗಳನ್ನು ಹೇಳದೆ ಕುಳಿತರು. ನಾನು ಕುಳಿತೇ ಇದ್ದೆ. ಪ್ರಸ್ತಾಪದ ಪರ ಕೈಗಳು ಎದ್ದವು.

ಮೆಟ್ಟಿಲು ಹತ್ತುವಾಗ ಅವರು ಮೆಲ್ಲಗೆ, “ಕನ್ನಡದಾಗ ಹೇಳಿದ್ರ ಯಾರಿಗೂ ತಿಳೀತಿದ್ದಿಲ್ಲ ಖರೆ. ಆದ್ರ ಯಾರೂ ನಗ್ತಿದ್ದಿಲ್ಲ,” ಎಂದರು.

ಮೀನುಗಳನ್ನು ಮಕರಪುರದ ಕಾರ್ಖಾನೆಯೊಂದರ ತೋಟಕ್ಕೆ ಕೊಟ್ಟರು. ಒಯ್ಯಲು ಬಂದ ಅಪರಿಚಿತನ ಕೈಗೆ ಚಾ ತಾನಾಗಿಯೇ ಬಂತು. ಕಾಕಾ ಅತ್ತ ನೋಡಲಿಲ್ಲ…

ಮುಂದೆ ಅವರಿಗೆ ವರ್ಗವಾಯಿತು. ಈಗ ಅವರು ಇಲ್ಲ. ಜನರ ಭಾಷೆಯಲ್ಲೇ ಮಾತಾಡಬೇಕೆಂದು ನಾನು ಇಂದಿಗೂ ವಾದಿಸುತ್ತೇನೆ. ತತ್ವ ತಪ್ಪೆಂದು ಅನಿಸಿಲ್ಲ. ಆದರೆ ಅಂದು ಅವರ ಪಕ್ಕದಲ್ಲಿ ಎದ್ದು ನಿಂತಿದ್ದರೆ, ಆ ನಗೆಯಲ್ಲಿ ಅರ್ಧವಾದರೂ ನನ್ನ ಪಾಲಿಗೆ ಬರುತ್ತಿತ್ತು. ಹಾಗೆ ನಿಲ್ಲಬಹುದೆಂದು ನನಗೆ ಹೊಳೆಯಲೇ ಇಲ್ಲ.