ಹಾಲಮ್ಮನ ಒಂದೇ ಒಂದು ಶೋ

ಡಬ್ಬಿಗಳ ಕೆಳಗೆ ಹಾಸಿದ ಹಳೆಯ ಪತ್ರಿಕೆಯನ್ನು ಓದುವಷ್ಟು ಶ್ರದ್ಧೆಯಿಂದ ನಾನು ಅಂದಂದಿನ ಪತ್ರಿಕೆಯನ್ನು ಎಂದೂ ಓದಿದವಳಲ್ಲ. ಬೆಳಗ್ಗೆ ಬಾಗಿಲಿಗೆ ಬಂದು ಬೀಳುವ ಪತ್ರಿಕೆ ಯಜಮಾನರ ಸ್ವತ್ತು; ಅದು ಅವರ ಕನ್ನಡಕ, ಕಾಫಿ, ನಿಟ್ಟುಸಿರುಗಳನ್ನೆಲ್ಲ ದಾಟಿ, ಸ್ಟೂಲಿನ ಕೆಳಗೆ ಕೆಲವು ವಾರ ವಾನಪ್ರಸ್ಥ ಮುಗಿಸಿ, ಅಡುಗೆಮನೆಯ ಕಪಾಟಿನಲ್ಲಿ ಮೈಚಾಚಿದ ಮೇಲೆಯೇ ನನಗೆ ಸುದ್ದಿಯಾಗುವುದು. ಹೊಸ ಹಾಳೆ ಹಾಸಲೆಂದು ಡಬ್ಬಿ ಇಳಿಸಿದವಳು, ಹಳೆಯ ಹಾಳೆಯ ಮುಂದೆಯೇ ಕುಕ್ಕರುಗಾಲಿನಲ್ಲಿ ಕೂತು ಅರ್ಧ ಗಂಟೆ ಲೋಕಾಂತರಕ್ಕೆ ಹೋಗಿಬಿಡುವುದು ನನ್ನೊಬ್ಬಳ ದೌರ್ಬಲ್ಯವಲ್ಲವೆಂದು, ಓದುಗ ಬಂಧು, ನಿಮ್ಮ ಮನೆಯ ಕಪಾಟಿನ ಮೇಲೆ ಭರವಸೆಯಿಟ್ಟು ಹೇಳುತ್ತೇನೆ.

ಹಾಗೊಂದು ದಿನ ಉಪ್ಪಿನಕಾಯಿ ಜಾಡಿಯನ್ನು ಎತ್ತಿದರೆ, ಅದರ ತಳದ ಎಣ್ಣೆಯುಂಗುರದೊಳಗಿಂದ ಒಬ್ಬಳು ನಗುತ್ತಿದ್ದಳು. ಪರದೇಶದ ಪಾಪ್ ಗಾಯಕಿ. ಆಕೆಯ ಬದುಕಿನ ಬಗ್ಗೆ ಒಂದು ಸಾಕ್ಷ್ಯಚಿತ್ರ ತಯಾರಾಗಿದೆಯಂತೆ. ಜನ ಮನೆಯಲ್ಲೇ ಕೂತು ಫೋನಿನಲ್ಲಿ, ಟೀವಿಯಲ್ಲಿ ನೋಡಲೆಂದು ಮಾಡಿದ್ದು. ಆದರೆ ಅದಕ್ಕೂ ಮೊದಲು ಯಾವುದೋ ದೊಡ್ಡ ಊರಿನ ಚಿತ್ರಮಂದಿರದಲ್ಲಿ ಅದನ್ನು ಒಂದು ವಾರ ತೋರಿಸುತ್ತಾರಂತೆ. ಯಾಕೆಂಬ ಸಾಲು ಸರಿಯಾಗಿ ಎಣ್ಣೆಯಲ್ಲಿ ಅದ್ದಿಹೋಗಿತ್ತು. ಪಿಯುಸಿ ಓದುವ ಮಗಳು ಸಿಂಚನಾಳನ್ನು ಕರೆದೆ. ಆ ಗಾಯಕಿಯ ಹಲ್ಲುಜ್ಜುವ ಕ್ರಮದವರೆಗೂ ತಿಳಿದ ವಿದುಷಿ ಅವಳು.

"ಅದು ರೂಲ್ಸು ಅಮ್ಮ. ಫೋನಲ್ಲಿ ಎಷ್ಟು ಕೋಟಿ ಜನ ನೋಡಿದ್ರೂ ಪ್ರಶಸ್ತಿಯೋರಿಗೆ ಲೆಕ್ಕಕ್ಕಿಲ್ಲ. ಥಿಯೇಟರ್‌ನಲ್ಲಿ ಒಂದು ವಾರ ಓಡಿದ್ರೇನೇ ಸ್ಪರ್ಧೆಗೆ ಅರ್ಹ."

ನಾನು ನಕ್ಕೆ. ನಮ್ಮ ಹೊನ್ನಾಳಿಯಲ್ಲಿ ಒಂದೇ ವಾರಕ್ಕೆ ಎತ್ತಿದ ಚಿತ್ರವನ್ನು ಡಬ್ಬಾ ಅನ್ನುತ್ತಿದ್ದರು. ಅಲ್ಲಿ ಅದೇ ಅರ್ಹತೆಯಂತೆ! ಜಗತ್ತಿನ ಜನರೆಲ್ಲ ಅಂಗೈಯಲ್ಲೇ ನೋಡಿ ಮುಗಿಸಬಹುದಾದದ್ದನ್ನು ನಾಲ್ಕು ಜನ ಒಂದೇ ಕತ್ತಲೆಯಲ್ಲಿ ಒಟ್ಟಿಗೆ ಕೂತು ನೋಡಲೇಬೇಕೆಂಬ ಹಟ ನನಗೆ ಮಡಿಹುಡಿಯಂತೆ ಕಂಡಿತು. ಆ ನಗೆ ಎರಡು ದಿನವೂ ಬಾಳಲಿಲ್ಲ.

ಸಾಸ್ವೆಹಳ್ಳಿಯ ಹಾಲಮ್ಮನ ವಿಷಯ ಹೇಳಬೇಕು. ಸಂತೆಯ ದಿನ ಮೊದಲ ಬಸ್ಸಿಗೆ ಸೊಪ್ಪಿನ ಪುಟ್ಟಿಯೊಂದಿಗೆ ಇಳಿದು, ನಮ್ಮ ಜಗಲಿಯ ಮೇಲೆ ಒಂದು ಲೋಟ ಚಹಾ ಕುಡಿದು ಮುಂದೆ ಹೋಗುವ ಮುದುಕಿ. ಸೊಪ್ಪು ಆಕೆಯ ನೆಪ. ಸೋಬಾನೆ ಪದ ಆಕೆಯ ಕಸುಬು. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಹಾಲಮ್ಮ ಹಾಡದೆ ಮದುಮಗಳಿಗೆ ಅರಿಸಿನ ಏರುತ್ತಿರಲಿಲ್ಲ. ಈಗ ಕಲ್ಯಾಣ ಮಂಟಪಗಳಲ್ಲಿ ಡಿಜೆಯ ಗುಡುಗು; ಕರೆಯುವವರಿಲ್ಲ. ಸಿಂಚನಾ ಒಂದು ದಿನ ಜಗಲಿಯ ಮೇಲಿನ ಹಾಡನ್ನು ಫೋನಿನಲ್ಲಿ ಹಿಡಿದು ಲೋಕಕ್ಕೆ ಬಿಟ್ಟಳು. ಎಲ್ಲೆಲ್ಲಿಂದಲೋ ಹೃದಯದ ಚಿತ್ರಗಳು ಉದುರಿದವು. ಅದರಿಂದ ಉಬ್ಬಿದ ನಾವು, ತಾಲ್ಲೂಕಿನ ಸಾಂಸ್ಕೃತಿಕ ಸಂಘವೊಂದು ಜಾನಪದ ಕಲಾವಿದರಿಗೆ ಕೊಡುವ ಪ್ರಶಸ್ತಿಗೆ ಅರ್ಜಿ ತಂದೆವು. ಅದರ ಏಳನೆಯ ಕಲಮಿನಲ್ಲಿ ಕೇಳಿದ್ದರು: ಸಾರ್ವಜನಿಕ ವೇದಿಕೆಯಲ್ಲಿ ನೀಡಿದ ಪ್ರದರ್ಶನದ ಛಾಯಾಚಿತ್ರ.

ಸಂಘದ ಕಾರ್ಯದರ್ಶಿಗೆ ಫೋನು ಮಾಡಿದೆ. "ಮೊಬೈಲಿಂದು ನಡೆಯಂಗಿಲ್ಲ ರೀ ಮೇಡಂ. ನಾಳೆ ಎಲ್ಲಾರೂ ಬಚ್ಚಲಮನೇಲಿ ಹಾಡಿ ಕಳಿಸ್ತಾರೆ. ಸ್ಟೇಜು, ಮುಂದೆ ಜನ, ಇಷ್ಟು ಫೋಟೋದಾಗೆ ಕಾಣ್ಲೇಬೇಕು. ಸೋಮವಾರ ಕೊನೇ ದಿನ ಐತೆ ನೋಡ್ರಿ."

ಐವತ್ತು ವರ್ಷ ಹಾಡಿದವಳು ವೇದಿಕೆ ಹತ್ತಿಯೇ ಇಲ್ಲ. ನಡುಮನೆ, ಅಂಗಳ, ಹಂದರದ ಕಂಬದ ಬುಡ, ಬಚ್ಚಲ ಒಲೆಯ ಪಕ್ಕ: ಇವುಗಳ ಛಾಯಾಚಿತ್ರವನ್ನು ಯಾರು ತೆಗೆದಿದ್ದಾರು? ಹೋಗಲಿ ಬಿಡು ಅನ್ನುತ್ತಾಳೆಂದುಕೊಂಡರೆ, ಹಾಲಮ್ಮ ಲೋಟ ಕೆಳಗಿಟ್ಟು ಮೊದಲ ಸಲ ನನ್ನಲ್ಲಿ ಒಂದು ಬೇಡಿಕೆಯಿಟ್ಟಳು. "ಹೆಂಗಾರ ಮಾಡವ್ವ. ಮೊಮ್ಮಗಳು ಕಲಿಯಾಕೆ ಬಂದ್ರೆ ನನ್ನ ಸೊಸೆ ಏನಂತಾಳೆ ಗೊತ್ತೇನು? ಆ ಹಾಡು ಕಟ್ಟಿಕೊಂಡು ಏನು ಮಾಡ್ತೀ, ಎದ್ದು ಓದ್ಕೋ ಹೋಗು ಅಂತಾಳೆ. ಒಂದು ಕಾಗದ ಅಂತ ಗ್ವಾಡೆ ಮೇಲೆ ಇದ್ರೆ ಹುಡುಗಿ ಬಂದು ಕೂರತೈತೆ. ಇಲ್ಲಾಂದ್ರೆ ಇದು ನನ್ನ ಜೊತೇಗೇ ಮಣ್ಣಿಗೆ ಹೋಗತೈತೆ."

ನನ್ನ ಕಣ್ಣು ನೆಲ ನೋಡಿತು. ಅದಕ್ಕೊಂದು ಹಿಂದಿನ ಕಥೆಯಿದೆ. ನಾನು ಜಗಳೂರಿನ ಮಗಳು, ದಾವಣಗೆರೆಯ ಕಾನ್ವೆಂಟಿನ ವಿದ್ಯಾರ್ಥಿನಿ. ಸಿಸ್ಟರುಗಳ ಪಿಯಾನೋದ ಸುತ್ತ ನಿಂತು, ಗಲ್ಲ ಎತ್ತಿ, ಅರ್ಥವಾಗದ ಭಾಷೆಯಲ್ಲಿ ಶ್ರುತಿಬದ್ಧವಾಗಿ ಹಾಡಿದವಳು. ಆ ಸಿಸ್ಟರುಗಳ ಪ್ರೀತಿಗೆ ನಾನು ಇಂದಿಗೂ ಋಣಿ. ಅವರು ಕಲಿಸದೆಯೇ ನಾನು ಕಲಿತ ಗರ್ವಕ್ಕೆ ಅವರು ಹೊಣೆಯಲ್ಲ. ನನ್ನ ಮದುವೆಗೆ ಅತ್ತೆಯವರು ಹಾಲಮ್ಮನನ್ನು ಕರೆಸಿದ್ದರು. ಅರಿಸಿನದ ಹೊತ್ತಿಗೆ ಆಕೆ ಗಂಟಲು ಸರಿಪಡಿಸಿಕೊಂಡಾಗ, ನಾನು ಅಕ್ಕನ ಕಿವಿಯಲ್ಲಿ, "ಇದೆಲ್ಲ ಯಾಕೆ, ಕ್ಯಾಸೆಟ್ ಹಾಕಿಬಿಡ್ರೇ," ಎಂದಿದ್ದೆ. ಪಿಸುಮಾತು ಅಂದುಕೊಂಡಿದ್ದೆ, ಕಾನ್ವೆಂಟಿನಲ್ಲಿ ತರಬೇತಾದ ಕಂಠ, ಹಂದರದ ಆ ತುದಿಗೆ ಮುಟ್ಟಿತು. ಹಾಲಮ್ಮ ಹಾಡದೆ ಹಿಂದೆ ಸರಿದು, ಊಟ ಮಾಡಿ, ಕೊಟ್ಟ ಎಲೆಯಡಿಕೆ ತೆಗೆದುಕೊಂಡು ಬಸ್ಸು ಹತ್ತಿದಳು. ಇಪ್ಪತ್ತೆರಡು ವರ್ಷದಿಂದ ಆಕೆಗೆ ಸಕ್ಕರೆ ಜಾಸ್ತಿ ಹಾಕಿ ಚಹಾ ಕೊಡುತ್ತಿದ್ದೇನೆ. ಆ ಮಾತನ್ನು ಮಾತ್ರ ನಾನೂ ಎತ್ತಿಲ್ಲ, ಆಕೆಯೂ ಎತ್ತಿಲ್ಲ.

ವೇದಿಕೆ ಹುಡುಕುತ್ತಾ ಹೋದಾಗ ನೆನಪಾದದ್ದು ನಮ್ಮೂರ ಹಳೆಯ ಟಾಕೀಸು. ದೊಡ್ಡ ನಟರ ಚಿತ್ರ ಬಂದಾಗ ಮಾತ್ರ ಕಣ್ಣು ತೆರೆಯುವ ಅದನ್ನು ಕಾಯುವವರು ಖಲೀಲ್ ಸಾಬರು, ಮೂವತ್ತು ವರ್ಷ ರೀಲು ಓಡಿಸಿದ ಆಪರೇಟರು. ಪಾಪ್ ಗಾಯಕಿಯ ಸುದ್ದಿಯನ್ನೂ ಹಾಲಮ್ಮನ ಅರ್ಜಿಯನ್ನೂ ಒಟ್ಟಿಗೆ ಹೇಳಿದೆ. ಅವರು ಗಡ್ಡ ಸವರಿಕೊಂಡು, "ಅಂದ್ರೆ ಆಯಮ್ಮಂಗೂ ಈಯಮ್ಮಂಗೂ ಒಂದೇ ಬೀಮಾರಿ ಅನ್ರಿ. ಬರ್ರಿ ಅಕ್ಕಾರೇ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಂದು ಶೋ ಹಾಕಿಬಿಡೋಣ. ಪರದೆ ಮುಂದೆ ಆರು ಅಡಿ ಅಗಲದ ಕಟ್ಟೆ ಐತೆ, ಸ್ಟೇಜಿಗೆ ಏನು ಕಮ್ಮಿ?" ಎಂದರು.

ನಾನು ಎಲ್ಲವನ್ನೂ ಅಚ್ಚುಕಟ್ಟಾಗಿ ಯೋಜಿಸಿದೆ. ಬ್ಯಾನರು, ಮೈಕು, ಹೂಗುಚ್ಛ, ಹಾಲಮ್ಮ ನಿಲ್ಲಬೇಕಾದ ಜಾಗಕ್ಕೆ ಸುಣ್ಣದಲ್ಲಿ ಒಂದು ಗುರುತು. ಭಾನುವಾರ ಬೀದಿಯ ಹೆಂಗಸರೆಲ್ಲ ಬಂದು, ಇಡೀ ಟಾಕೀಸು ಖಾಲಿಯಿದ್ದರೂ, ಅಭ್ಯಾಸಬಲದಿಂದ ಹಳೆಯ ಲೇಡೀಸ್ ಕ್ಲಾಸಿನಲ್ಲೇ ಒತ್ತೊತ್ತಾಗಿ ಕೂತರು. ಖಲೀಲ್ ಸಾಬರು ಮೂರು ಸಲ ಗಂಟೆ ಬಾರಿಸಿ, ತಮ್ಮ ಅಭ್ಯಾಸಬಲದಿಂದ ದೀಪ ಆರಿಸಿದರು. ವೇದಿಕೆಯ ಮೇಲೆ ಒಂದೇ ಬೆಳಕು. ಹಾಲಮ್ಮ ಸುಣ್ಣದ ಗುರುತಿನ ಮೇಲೆ, ಮೈಕಿನ ಮುಂದೆ ನಿಂತಳು. ಸಿಂಚನಾ ಕ್ಯಾಮೆರಾ ಹಿಡಿದಳು.

ಹಾಲಮ್ಮ ಹಾಡಲಿಲ್ಲ.

"ಯಾಕಜ್ಜಿ, ಮರೆತು ಹೋತೇನು?" ಎಂದು ಕತ್ತಲೆಯಿಂದ ಯಾರೋ ಕೇಳಿದರು.

"ಮರೆಯಾಕೆ ನಾನೇನು ನಿನ್ನಂಗೆ ಸಾಲಿ ಕಲ್ತೀನಾ?" ಎಂದಳು ಹಾಲಮ್ಮ. "ಸಾಬ್ರೇ, ಮೊದಲು ದೀಪ ಹಾಕ್ರಪ್ಪ. ಮುಖಾನೇ ಕಾಣದಿದ್ರೆ ಯಾರಿಗಂತ ಹಾಡ್ಲಿ? ಮದುಮಗಳು ಎಲ್ಲಿ? ಮಣೆ ಎಲ್ಲಿ?"

ಆಗ ನನ್ನ ತಪ್ಪು ನನಗೆ ಗೋಚರಿಸಿತು. ಬ್ಯಾನರಿನ ಹುರಿ ಕೂಡ ಮರೆಯದ ನಾನು ಹಾಡಿಗೆ ಬೇಕಾದವಳನ್ನೇ ಮರೆತಿದ್ದೆ. ಸೋಬಾನೆಯನ್ನು ಗಾಳಿಗೆ ಹಾಡುವ ಪದ್ಧತಿಯಿಲ್ಲ. ಮಣೆಯ ಮೇಲೆ ಒಬ್ಬಳು ಕೂತಿರಬೇಕು. ಅವಳ ಹೆಸರು, ತವರಿನ ಹೆಸರು, ಅತ್ತೆಯ ಹೆಸರು ಸೇರಿದ ಮೇಲೆಯೇ ಪದ ಪೂರ್ತಿಯಾಗುವುದು. ನಮ್ಮ ಜಗಲಿಯ ಮೇಲೆ ಆಕೆ ಪ್ರತಿ ಸಲವೂ ಸಿಂಚನಾಳನ್ನು ಎದುರಿಗೆ ಕೂರಿಸಿಕೊಂಡೇ ಹಾಡಿದ್ದಳೆಂಬುದನ್ನು, ಸಣ್ಣಸಣ್ಣದನ್ನೆಲ್ಲ ಗಮನಿಸುವವಳೆಂದು ಬೀಗುವ ನಾನು ಗಮನಿಸಿಯೇ ಇರಲಿಲ್ಲ.

"ಸಿಂಚನಾನೇ ಕೂರ್ಲಿ," ಎಂದೆ. "ಮತ್ತೆ ಫೋಟೋ ಯಾರು ತೆಗೀತಾರೆ?" ಎಂದಳು ಸಿಂಚನಾ. ಸಾಬರು ಮತ್ತೆ ಹಾಕಿದ ದೀಪದ ಬೆಳಕಿನಲ್ಲಿ ಹಾಲಮ್ಮ ಸಾಲುಸಾಲಾಗಿ ಮುಖಗಳನ್ನು ನೋಡುತ್ತಾ ಬಂದು ನನ್ನಲ್ಲಿ ನಿಂತಳು.

"ನೀನೇ ಬಾ."

"ಅಜ್ಜಿ, ನನಗೆ ಮದುವೆಯಾಗಿ ಇಪ್ಪತ್ತೆರಡು ವರ್ಷ..."

"ಗೊತ್ತೈತೆ. ನಾನೂ ಬಂದಿದ್ನಲ್ಲ. ನಿನ್ನ ಪದ ಅವತ್ತಿಂದ ನನ್ನ ಗಂಟಲಾಗೇ ಕುಂತೈತೆ. ಬಾ, ಕೂರು."

ಲೇಡೀಸ್ ಕ್ಲಾಸು ಚಪ್ಪಾಳೆ ತಟ್ಟಿ ನನ್ನನ್ನು ನೂಕಿತು. ಮಣೆಯಿರಲಿಲ್ಲ, ಖಲೀಲ್ ಸಾಬರು ಹಿಂದಕ್ಕೆ ಓಡಿ, ಹಿಂದೆಲ್ಲ ರೀಲು ಬರುತ್ತಿದ್ದ ತಗಡಿನ ಪೆಟ್ಟಿಗೆಯನ್ನು ತಂದು ಬೋರಲು ಹಾಕಿ, ತಮ್ಮ ಹೆಗಲ ವಸ್ತ್ರ ಹಾಸಿದರು. ಅದರ ಮೇಲೆ ನಾನು, ನರೆಗೂದಲ ಮದುಮಗಳು, ಕೂತೆ. ಯಾರೋ ಕೈಚೀಲದಿಂದ ಅರಿಸಿನದ ಡಬ್ಬಿ ಕೊಟ್ಟರು. ಹಾಲಮ್ಮ ಮೈಕನ್ನು ಬದಿಗೆ ಸರಿಸಿ, ನನ್ನ ಕೆನ್ನೆಗೆ ಬೆರಳಿಟ್ಟು ಶುರುಮಾಡಿದಳು.

ಪದದೊಳಗೆ ಜಗಳೂರು ಬಂತು. ಹೊನ್ನಾಳಿಯ ಹೊಳೆ ಬಂತು. ತೀರಿಕೊಂಡ ನನ್ನ ತಾಯಿಯ ಹೆಸರು ಬಂತು. ಆ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕರೆದು ಎಷ್ಟು ಕಾಲವಾಗಿತ್ತೋ. ಅತ್ತೆ ಬಂದರು. ಯಜಮಾನರೂ ತಮ್ಮ ಪತ್ರಿಕೆಯ ಸಮೇತ ಬಂದು ಸಭೆಯನ್ನು ನಗಿಸಿದರು. ಪಲ್ಲವಿಗೆ ಹೆಂಗಸರೆಲ್ಲ ಎದ್ದು ಬಂದು ದನಿ ಸೇರಿಸಿದಾಗ, ಪಿಯಾನೋದ ಪಕ್ಕ ಗಲ್ಲ ಎತ್ತಿ ನಿಲ್ಲುತ್ತಿದ್ದ ಹುಡುಗಿ ತಲೆ ತಗ್ಗಿಸಿ ಅತ್ತಳು. "ತಪ್ಪಾಯ್ತಜ್ಜಿ," ಎಂದೆ. "ಸುಮ್ನಿರು, ಇನ್ನೂ ಮೂರು ನುಡಿ ಐತೆ," ಎಂದಳು ಹಾಲಮ್ಮ.

ಮುಗಿದ ಮೇಲೆ ನೋಡಿದರೆ ಸಿಂಚನಾ ತೆಗೆದಿದ್ದದ್ದು ಒಂದೇ ಫೋಟೋ. ಉಳಿದ ಹೊತ್ತು ಅವಳೂ ಹಾಡುತ್ತಿದ್ದಳಂತೆ. ಅದರಲ್ಲಿ ಮೈಕು ಒಂದು ಮೂಲೆಯಲ್ಲಿ ಅನಾಥವಾಗಿ ನಿಂತಿದೆ, ಬ್ಯಾನರಿನ ಅರ್ಧ ಹೆಂಗಸರ ಬೆನ್ನಿನ ಹಿಂದೆ ಅಡಗಿದೆ, ವೇದಿಕೆ ಯಾವುದು ಪ್ರೇಕ್ಷಕರು ಯಾರು ತಿಳಿಯುವುದಿಲ್ಲ. ಸೋಮವಾರ ಅದನ್ನೇ ಅಂಟಿಸಿ ಕಳಿಸಿದೆವು. ನಾಲ್ಕು ದಿನ ನನಗೆ ಊಟ ರುಚಿಸಲಿಲ್ಲ. ಐದನೆಯ ದಿನ ಕಾರ್ಯದರ್ಶಿಯ ಫೋನು ಬಂತು.

"ಅರ್ಜಿ ಪಾಸಾತು ರೀ ಮೇಡಂ, ಸ್ಪರ್ಧೆಗೆ ತಗೊಂಡೀವಿ. ಫೋಟೋದಾಗೆ ಮದುಮಗಳಿಗೆ ಸ್ವಲ್ಪ ವಯಸ್ಸಾದಂಗೈತೆ... ಇರ್ಲಿ ಬಿಡ್ರಿ."

ಪ್ರಶಸ್ತಿ ಯಾರಿಗೆಂದು ಇನ್ನೂ ಗೊತ್ತಾಗಿಲ್ಲ. ಸಂಘ ಕಳಿಸಿದ ಅರ್ಹತೆಯ ಪತ್ರವನ್ನೇ ಹಾಲಮ್ಮ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಾಳೆ. ಕಳೆದ ಸಂತೆಗೆ ಸೊಪ್ಪಿನ ಪುಟ್ಟಿಯ ಹಿಂದೆ ಎರಡು ಜಡೆಯ ಮೊಮ್ಮಗಳೂ ಇಳಿದಳು, ಸೊಸೆಯೇ ಕಳಿಸಿದಳಂತೆ.

ಇವತ್ತು ಕಪಾಟಿಗೆ ಕೊನೆಗೂ ಹೊಸ ಹಾಳೆ ಹಾಸಿದೆ. ಒಂದು ಹಾಳೆಯನ್ನು ಮಾತ್ರ ತೆಗೆಯಲು ಮನಸ್ಸಾಗಲಿಲ್ಲ. ಎಲ್ಲೋ ದೂರದ ಊರಿನ ಕತ್ತಲೆಯಲ್ಲಿ ಒಂದು ವಾರ ಹಾಡಿದ ಆ ಗಾಯಕಿಯ ಎದುರಿಗೂ, ಅವಳ ಹಾಡು ತನ್ನ ಹೆಸರಿನದೇ ಎಂದುಕೊಳ್ಳುವ ಒಬ್ಬಳಾದರೂ ಕೂತಿದ್ದಿರಲಿ ಎಂದು ಹಾರೈಸಿ, ಉಪ್ಪಿನಕಾಯಿ ಜಾಡಿಯನ್ನು ಅವಳ ಮುಖದ ಮೇಲಿಂದ ಒಂದು ಗೇಣು ಪಕ್ಕಕ್ಕೆ ಸರಿಸಿಟ್ಟೆ.